ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು!

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಿಂದ ಕುಂದಾಪುರದ ನಮ್ಮ ಮನೆಗೆ ರಾತ್ರಿ ಬಸ್ಸಿನಲ್ಲಿ ಒಂದು ಹಳೆಯ ಕಂಪ್ಯೂಟರ್ ಬಂತು. ಯಾವುದೋ ಕಚೇರಿಯವರು ಹೊಸದನ್ನು ತಂದಾಗ ಮಾರಿಬಿಟ್ಟದ್ದು. ಬೆಲೆ 6,500 ರೂಪಾಯಿ. ಅದರಲ್ಲಿ 4,000 ರೂಪಾಯಿ ಏಳನೆಯ ತರಗತಿಯ ನನ್ನ ಮೊಮ್ಮಗಳದು. ಹುಟ್ಟುಹಬ್ಬಕ್ಕೆ, ದೀಪಾವಳಿಗೆ, ನೆಂಟರು ಹೊರಡುವಾಗ ಕೈಗಿಟ್ಟ ನೋಟುಗಳನ್ನು ಎರಡು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟಿದ್ದಳು. ಉಳಿದದ್ದು ನನ್ನ ಪಿಂಚಣಿಯಿಂದ.

ಮೇಜಿನ ಮೇಲಿಟ್ಟು, ವಯರುಗಳನ್ನೆಲ್ಲ ಸಿಕ್ಕಿಸಿ, ದೇವರಿಗೆ ಕೈಮುಗಿದು ಬಟನ್ ಒತ್ತಿದೆವು. ದೀಪ ಹತ್ತಿತು. ಫ್ಯಾನ್ ಗುಂಯ್ ಎಂದು ತಿರುಗಿತು. ಪರದೆ ಮಾತ್ರ ಕಪ್ಪು. ಹತ್ತು ನಿಮಿಷ ಕಾದರೂ ಕಪ್ಪೇ.

ಮಾರಿದವನಿಗೆ ಫೋನ್ ಮಾಡಿದರೆ, “ಇಲ್ಲಿಂದ ಹೊರಡುವಾಗ ಸರಿಯಾಗಿತ್ತು ಸಾರ್” ಎಂದ. ಊರಿನ ರಿಪೇರಿಯವರೊಬ್ಬರು ಫೋನಿನಲ್ಲೇ, “ಮದರ್‌ಬೋರ್ಡ್ ಹೋಗಿರಬೇಕು, 3,800 ಆಗುತ್ತದೆ” ಎಂದರು. ಮೊಮ್ಮಗಳು ಏನೂ ಹೇಳಲಿಲ್ಲ. ಡಬ್ಬಿಯನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದಳು. ಅದೇ ನನಗೆ ತಡೆಯಲಾಗಲಿಲ್ಲ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು; ಓದಿದ್ದು ಬಿ.ಕಾಂ. ಕಂಪ್ಯೂಟರಿನ ಒಳಗನ್ನು ಕಲಿತವನಲ್ಲ. ಆದರೆ ತಪ್ಪು ಹುಡುಕುವುದು ಗೊತ್ತು. ದಿನದ ಲೆಕ್ಕ ತಾಳೆಯಾಗದೆ 45 ರೂಪಾಯಿ ವ್ಯತ್ಯಾಸ ಬಂದರೆ ನಾವು ಮೊದಲು ಅದನ್ನು 9ರಿಂದ ಭಾಗಿಸುತ್ತಿದ್ದೆವು. ಶೇಷವಿಲ್ಲದೆ ಭಾಗವಾದರೆ ಯಾರೋ ಅಂಕಿಗಳನ್ನು ಅದಲುಬದಲು ಮಾಡಿ, 72ರ ಬದಲು 27 ಬರೆದಿರಬೇಕೆಂಬ ಸಂಶಯ. ಮಕ್ಕಳೇ, ಬೇರೆ ಎರಡಂಕಿಯ ಸಂಖ್ಯೆಗಳನ್ನು ತಿರುವಿ ಬರೆದು ಕಳೆದು ನೋಡಿ, ಪ್ರತಿ ಸಲವೂ 9ರಿಂದ ಭಾಗವಾಗುತ್ತದೆ. ಹೀಗೆ ತಪ್ಪು ತಾನಿರುವ ಜಾಗದ ಸುಳಿವನ್ನು ತಾನೇ ಕೊಡುತ್ತದೆ. ಇಡೀ ಲೆಡ್ಜರನ್ನು ಹೊಸದಾಗಿ ಬರೆಯುವವರು ಯಾರು? ಮದರ್‌ಬೋರ್ಡ್ ಬದಲಿಸುವುದೆಂದರೆ ನನಗೆ ಹಾಗೇ ಕಂಡಿತು.

ಹಳೆಯ ನೋಟುಪುಸ್ತಕವೊಂದನ್ನು ಮೊಮ್ಮಗಳ ಕೈಗೆ ಕೊಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಆದದ್ದನ್ನು ಬರೆದಿಡಬೇಕು ಎಂದು ಒಪ್ಪಂದವಾಯಿತು.

ಮೊದಲು ಮಾನಿಟರ್. ಕಂಪ್ಯೂಟರಿಗೆ ಹೋಗುವ ಕೇಬಲನ್ನು ತೆಗೆದು ಮಾನಿಟರ್ ಒಂದನ್ನೇ ಹಾಕಿದಾಗ, ಸಂಕೇತ ಬರುತ್ತಿಲ್ಲ ಎಂಬ ಸಣ್ಣ ಬರಹ ಪರದೆಯ ಮೇಲೆ ತೇಲಿತು. ಎಂದರೆ ಮಾನಿಟರಿಗೆ ಜೀವವಿದೆ. ನಂತರ ಕೇಬಲ್. ನಮ್ಮದು ನೀಲಿ ತಲೆಯ ವಿಜಿಎ ಕೇಬಲ್; ಮೂರು ಸಾಲಿನಲ್ಲಿ 15 ಸೂಜಿಗಳು. ಒಂದು ಬಾಗಿದ್ದರೂ ತೊಂದರೆಯೇ. ಭೂತಗನ್ನಡಿ ಹಿಡಿದು ನೋಡಿದೆವು, ಎಲ್ಲ ನೆಟ್ಟಗಿದ್ದವು. ಪಕ್ಕದ ಮನೆಯ ಕೇಬಲ್ ತಂದು ಹಾಕಿದರೂ ಕಪ್ಪೇ.

ಹಳೆಯದನ್ನು ಕೊಳ್ಳುವವರಿಗೆ ಇಲ್ಲೊಂದು ಮಾತು. ಕೆಲವು ಪ್ರೊಸೆಸರುಗಳಲ್ಲಿ ಚಿತ್ರ ಮೂಡಿಸುವ ಭಾಗವೇ ಇರುವುದಿಲ್ಲ. ಇಂಟೆಲ್ ಕಂಪೆನಿಯ ಐ5-9400ಎಫ್‌ನಂತೆ ಹೆಸರಿನ ಕೊನೆಯಲ್ಲಿ ‘ಎಫ್’ ಇರುವವು ಅಂಥವು. ಅವಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ಕೇಬಲನ್ನೂ ಆ ಕಾರ್ಡಿಗೇ ಸಿಕ್ಕಿಸಬೇಕು. ಆ ಕಾರ್ಡನ್ನು ಬಿಚ್ಚಿಕೊಂಡು ಉಳಿದದ್ದನ್ನು ಮಾರಿದರೆ, ಮದರ್‌ಬೋರ್ಡಿನ ಕಿಂಡಿಗೆ ಎಷ್ಟು ಕೇಬಲ್ ಚುಚ್ಚಿದರೂ ಚಿತ್ರ ಬಾರದು. ನಮ್ಮದು ಅದಕ್ಕಿಂತ ಹಳೆಯ ಕಾಲದ್ದು, ಆ ಸಮಸ್ಯೆ ಇರಲಿಲ್ಲ.

ಮುಂದಿನ ಉಪಾಯ ಮೊಮ್ಮಗಳದ್ದು. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿದಳು. ಅದರ ಪುಟ್ಟ ದೀಪ ಹತ್ತಿ ಆರಿದ್ದರೆ ಕಂಪ್ಯೂಟರ್ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ಬರುತ್ತಿಲ್ಲ ಎಂದಾಗುತ್ತಿತ್ತು. ದೀಪ ಅಲ್ಲಾಡಲಿಲ್ಲ. ಯಂತ್ರ ಆರಂಭದಲ್ಲೇ ಎಲ್ಲೋ ನಿಂತುಬಿಟ್ಟಿದೆ.

ಕಂಪ್ಯೂಟರ್ ಎದ್ದ ಕೂಡಲೇ ಹಾಜರಿ ಕರೆಯುತ್ತದೆ, ಶಾಲೆಯಲ್ಲಿ ಮೇಷ್ಟ್ರು ಕರೆಯುವಂತೆ. ಪ್ರೊಸೆಸರ್ ಇದ್ದಾನೆಯೇ, ನೆನಪಿನ ಪಟ್ಟಿ ಇದ್ದಾಳೆಯೇ, ಚಿತ್ರದ ಭಾಗ ಬಂದಿದೆಯೇ? ಮುಖ್ಯವಾದವರು ಗೈರಾದರೆ ಪಾಠವಿಲ್ಲ. ಪರದೆಯೇ ಇನ್ನೂ ಸಿದ್ಧವಾಗದ ಹೊತ್ತಾದ್ದರಿಂದ ದೂರನ್ನು ಬೀಪ್ ಸದ್ದಿನಲ್ಲಿ ಹೇಳುತ್ತದೆ. ಆ ಸದ್ದಿನ ಭಾಷೆ ಎಲ್ಲ ಬೋರ್ಡುಗಳಲ್ಲೂ ಒಂದೇ ಅಲ್ಲ. ನಮ್ಮದೇಕೆ ಸುಮ್ಮನಿತ್ತೆಂದರೆ ಅದರಲ್ಲಿ ಸ್ಪೀಕರೇ ಇರಲಿಲ್ಲ! ಬೆರಳ ತುದಿಯಷ್ಟಿನ ಸ್ಪೀಕರ್ ಒಂದನ್ನು ಪೇಟೆಯಿಂದ ತಂದೆ.

ಅದನ್ನು ಕೂರಿಸಲು ಡಬ್ಬ ಬಿಚ್ಚಬೇಕು. ಇಲ್ಲಿ ನಾನು ಎಡವಿದೆ. ಸ್ವಿಚ್ ಆರಿಸಿದ್ದೇನಲ್ಲ ಎಂದು ಕೈ ಹಾಕಲು ಹೊರಟೆ. “ಅಜ್ಜ, ಪ್ಲಗ್!” ಎಂದು ಕೂಗಿದಳು. ನಾನು ಆರಿಸಿದ್ದು ಕಂಪ್ಯೂಟರಿನ ಬಟನನ್ನು, ಗೋಡೆಯದ್ದನ್ನಲ್ಲ. ಪ್ಲಗ್ ಗೋಡೆಯಲ್ಲಿದ್ದು ಅಲ್ಲಿಯ ಸ್ವಿಚ್ ಹಾಕಿದ್ದರೆ, ಬಟನ್ ಆರಿಸಿದರೂ ಮದರ್‌ಬೋರ್ಡಿನಲ್ಲಿ 5 ವೋಲ್ಟ್ ವಿದ್ಯುತ್ ಕಾಯುತ್ತಲೇ ಇರುತ್ತದೆ. ಪ್ಲಗ್ ಕಿತ್ತು, ಕಂಪ್ಯೂಟರಿನ ಬಟನನ್ನು 20 ಸೆಕೆಂಡ್ ಒತ್ತಿ ಹಿಡಿದು ಉಳಿದದ್ದನ್ನು ಖಾಲಿ ಮಾಡಿ, ಡಬ್ಬದ ಬರಿಯ ಲೋಹವನ್ನು ಮುಟ್ಟಿ, ಆಮೇಲೆ ಕೈ ಹಾಕಿದೆ. ನಮ್ಮ ಮೈಯ ಸ್ಥಾಯೀ ವಿದ್ಯುತ್ತಿಗೇ ಚಿಪ್ಪುಗಳು ಹಾಳಾಗಬಲ್ಲವು. ಇನ್ನು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಇದೆಯಲ್ಲ, ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಿಗೆ ಇಳಿಸುವುದು, ಅದರ ಸ್ಕ್ರೂ ಮಾತ್ರ ಮಕ್ಕಳೂ ಮುಟ್ಟಬಾರದು, ಅಜ್ಜಂದಿರೂ ಮುಟ್ಟಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರಬಹುದು. ಹಳೆಯ ಗಾಜಿನ ಕೊಳವೆಯ ಮಾನಿಟರ್ ಇನ್ನೂ ಅಪಾಯ.

ಸ್ಪೀಕರ್ ಹಾಕಿ, ಮತ್ತೆ ಪ್ಲಗ್ ಕೊಟ್ಟು ಬಟನ್ ಒತ್ತಿದರೆ ಉದ್ದನೆಯ ಬೀಪ್, ಮತ್ತೆ ಬೀಪ್, ಮತ್ತೆ ಬೀಪ್. ಮೊಮ್ಮಗಳು ಕುಣಿದಳು. ಅಳುವ ಮಗು ಬದುಕಿದೆ ಎಂದೇ ಅರ್ಥವಲ್ಲವೇ? ಮತ್ತೆ ಪ್ಲಗ್ ಕಿತ್ತು, ನೆನಪಿನ ಪಟ್ಟಿಗಳೆರಡನ್ನೂ, ಎಂದರೆ ರ್‍ಯಾಮ್ ತುಂಡುಗಳನ್ನು, ತೆಗೆದು ಹಾಕಿ ನೋಡಿದೆವು. ಅದೇ ಸದ್ದು. ಪಟ್ಟಿ ಇದ್ದರೂ ಇಲ್ಲದಿದ್ದರೂ ಒಂದೇ ದೂರು. ಹಾಜರಿ ಕರೆಯುವಷ್ಟು ಜೀವ ಮದರ್‌ಬೋರ್ಡಿಗೂ ಪ್ರೊಸೆಸರಿಗೂ ಇದೆ, ಪಟ್ಟಿಗಳು ಮಾತ್ರ ಅದರ ಕಣ್ಣಿಗೆ ಬೀಳುತ್ತಿಲ್ಲ. 3,800 ರೂಪಾಯಿ ಉಳಿಯಬಹುದು ಎಂಬ ಆಸೆ ಆಗಲೇ ಚಿಗುರಿದ್ದು.

ಪಟ್ಟಿಯ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳಿವೆ. ಕರಾವಳಿಯ ಉಪ್ಪು ಗಾಳಿಗೆ, ಮಳೆಗಾಲದ ತೇವಕ್ಕೆ ಇಂಥ ಹಲ್ಲು ಮಂಕಾಗುವುದು ಹೊಸತಲ್ಲ. ನಮ್ಮದು ಎಷ್ಟು ವರ್ಷದ ಧೂಳು ಕುಡಿದಿತ್ತೋ! ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಕುಂಚದಿಂದ ಝಾಡಿಸಿದೆವು. ಬಾಯಿಂದ ಊದಬಾರದು, ಎಂಜಲಿನ ತೇವ ಸೇರುತ್ತದೆ. ಹಲ್ಲು ಹೊಳೆಯಿತು. ವಾಪಸು ಕೂರಿಸಿದರೆ ಮತ್ತೆ ಬೀಪ್!

ಎಲ್ಲರೂ ಹೇಳುವ ಮದ್ದು ಫಲಿಸದಾಗ ಮನಸ್ಸು ಕುಗ್ಗುತ್ತದೆ. ಹೊಸ ಪಟ್ಟಿ ಕೊಂಡುಬಿಡೋಣವೆಂದು ಚಪ್ಪಲಿ ಹಾಕಿಕೊಂಡಿದ್ದೆ. “ಒಂದು ಸಲಕ್ಕೆ ಒಂದೇ ಅಂದಿದ್ದೆಯಲ್ಲ ಅಜ್ಜ? ನಾವು ಎರಡನ್ನೂ ಒಟ್ಟಿಗೇ ಹಾಕಿದೆವು” ಎಂದಳು. ಚಪ್ಪಲಿ ಬಿಟ್ಟು ಬಂದು ಕುಳಿತೆ.

ಪಟ್ಟಿಗಳಿಗೆ ಕ, ಖ ಎಂದು ಹೆಸರಿಟ್ಟಳು. ಕಿಂಡಿಗಳಿಗೆ 1, 2. ಪುಸ್ತಕದಲ್ಲಿ ನಾಲ್ಕು ಮನೆ ಗೀಟು ಹಾಕಿದಳು. ಪ್ರತಿ ಸಲವೂ ಪ್ಲಗ್ ಕೀಳುವುದು, ಬದಲಿಸುವುದು, ಪಟ್ಟಿಯ ಎರಡು ತುದಿಯ ಕೊಕ್ಕೆಗಳು ಟಕ್ ಎನ್ನುವವರೆಗೆ ಒತ್ತುವುದು, ಪ್ಲಗ್ ಕೊಡುವುದು. 1ರಲ್ಲಿ ಕ: ಬೀಪ್. 1ರಲ್ಲಿ ಖ: ಬೀಪ್. 2ರಲ್ಲಿ ಕ: ಒಂದೇ ಒಂದು ಚಿಕ್ಕ ಬೀಪ್, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ! ಅಡುಗೆಮನೆಯಿಂದ ಅವಳ ಅಜ್ಜಿ ಸೌಟು ಹಿಡಿದೇ ಓಡಿಬಂದಳು. ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ. ಮೊಮ್ಮಗಳು ಬಿಡಲಿಲ್ಲ, ನಾಲ್ಕನೆಯ ಮನೆ ಖಾಲಿ ಇತ್ತಲ್ಲ. 2ರಲ್ಲಿ ಖ: ಅದೂ ಸರಿ.

ಪಟ್ಟಿಗಳೆರಡೂ ನಿರ್ದೋಷಿಗಳು. ಹೊಸದನ್ನು ತಂದು 1ನೇ ಕಿಂಡಿಗೆ ಹಾಕಿದ್ದರೆ ಅದೂ ಬೀಪ್ ಎನ್ನುತ್ತಿತ್ತು. ಆಗ ಖಂಡಿತ ಮದರ್‌ಬೋರ್ಡನ್ನೇ ಬದಲಿಸುತ್ತಿದ್ದೆ. ಟಾರ್ಚ್ ಬಿಟ್ಟು 1ನೇ ಕಿಂಡಿಯೊಳಗೆ ನೋಡಿದಾಗ ಸೀರೆಯ ಎಳೆಯಷ್ಟು ತೆಳುವಾದ ಒಂದು ನೂಲು, ಸ್ವಲ್ಪ ಧೂಳು. ಒಣ ಕುಂಚದಿಂದ ತೆಗೆದೆವು. ಎರಡೂ ಪಟ್ಟಿ ಕೂರಿಸಿದೆವು. ಚಿಕ್ಕ ಬೀಪ್, ಬಿಳಿ ಅಕ್ಷರ.

ಆ ಬಿಳಿ ಅಕ್ಷರದಲ್ಲಿ ಇನ್ನೊಂದು ದೂರಿತ್ತು. ದಿನಾಂಕ ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂದು. ಕಂಪ್ಯೂಟರಿನ ಪ್ರಕಾರ ಅಂದು 2012ರ ಜನವರಿ 1. ಪ್ಲಗ್ ಕಿತ್ತಾಗಲೂ ಗಡಿಯಾರ ನಡೆಸಲು ಮದರ್‌ಬೋರ್ಡಿನಲ್ಲಿ ನಾಣ್ಯದಂಥ 3 ವೋಲ್ಟಿನ ಬ್ಯಾಟರಿ ಇರುತ್ತದೆ, ಅದರ ಮೇಲೆ ಸಿಆರ್2032 ಎಂದು ಬರೆದಿರುತ್ತದೆ. ಅದು ಸತ್ತಿತ್ತು. ಮರುದಿನ ವಾಚ್ ಅಂಗಡಿಯಿಂದ ತಂದು ಹಾಕಿದೆ.

ಆದರೆ ಆ ಸಂಜೆ ಹಾಕಲು ಮೊಮ್ಮಗಳು ಬಿಡಲಿಲ್ಲ. ಪರದೆಯ ದಿನಾಂಕವನ್ನೇ ನೋಡುತ್ತ ಕುಳಿತಿದ್ದಳು.

“ಅಜ್ಜ, ಇದರ ಲೆಕ್ಕದಲ್ಲಿ ನಾನಿನ್ನೂ ಹುಟ್ಟೇ ಇಲ್ಲ. ಮತ್ತೆ ಇದನ್ನು ರಿಪೇರಿ ಮಾಡಿದ್ದು ಯಾರು?”