ಕೋಣೆಯೂ ಒಂದು ವಾದ್ಯ

ಮನೆಯ ಕೋಣೆಯಲ್ಲಿ ಗುಡುಗಿನಂತೆ ಮೊಳಗುತ್ತಿದ್ದ ಬೇಸ್ ಗಿಟಾರ್, ಕಾಲೇಜಿನ ಸಭಾಂಗಣಕ್ಕೆ ಹೋದೊಡನೆ ದನಿಯುಡುಗಿದಂತಾಗುವುದೇಕೆ? ವಾದ್ಯ ಅದೇ, ತಂತಿ ಅದೇ, ನುಡಿಸುವ ಬೆರಳೂ ಅದೇ. ಆದರೂ ಒಂದೆಡೆ ಒಂದು ಸ್ವರ ಗೋಡೆಯನ್ನೇ ನಡುಗಿಸಿದರೆ, ಅದರ ನೆರೆಯ ಸ್ವರ ಕೇಳಿಯೂ ಕೇಳದಂತೆ ಜಾರಿಹೋಗುತ್ತದೆ.

ನಗರದ ಎಷ್ಟೋ ಮನೆಗಳಲ್ಲಿ ಮಗನೋ ಮಗಳೋ ಈ ವಾದ್ಯವನ್ನು ಕಲಿಯುತ್ತಿರುವಾಗ ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. “ಬೆರಳಿಗೆ ಹದವಿಲ್ಲ” ಎಂಬ ಮಾತು ಕೇಳಿ ಕಲಿಯುವವರು ಎದೆಗುಂದುತ್ತಾರೆ. “ವಾದ್ಯವೇ ಸರಿಯಿಲ್ಲ” ಎಂದು ತಂದೆತಾಯಿಗಳು ಹೊಸದೊಂದಕ್ಕೆ ಹಣ ತೆರುತ್ತಾರೆ. ದೋಷ ಬಹುಮಟ್ಟಿಗೆ ನಾಲ್ಕು ಗೋಡೆಗಳದ್ದೆಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ.

ಹತ್ತಡಿಯ ಮನೆಗೆ ಇಪ್ಪತ್ತೇಳಡಿಯ ಅತಿಥಿ

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ‘ಪ್ರಿಸಿಷನ್ ಬೇಸ್’ನಿಂದ ಈ ವಿದ್ಯುತ್ ವಾದ್ಯ ಜನಪ್ರಿಯವಾಯಿತು. ಇದರ ಅತಿ ದಪ್ಪ ತಂತಿಯಾದ ‘ಇ’ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ‘ಎ’ ತಂತಿ 55, ‘ಡಿ’ ಸುಮಾರು 73, ‘ಜಿ’ 98 ಬಾರಿ. ಶಬ್ದವು ಸೆಕೆಂಡಿಗೆ ಸುಮಾರು 1,130 ಅಡಿ ಸಾಗುವುದರಿಂದ, ‘ಇ’ ಸ್ವರದ ಒಂದೊಂದು ತರಂಗವೂ 27 ಅಡಿಗಿಂತ ಉದ್ದ! ಹತ್ತಡಿಯ ಕೋಣೆಯಲ್ಲಿ ಈ ಅತಿಥಿಗೆ ಕಾಲು ಚಾಚಲೂ ಸ್ಥಳವಿಲ್ಲ.

ಗೋಡೆಗೆ ತಾಗಿ ಮರಳುವ ತರಂಗ ಎದುರು ಬರುವ ತರಂಗವನ್ನು ಕೂಡುತ್ತದೆ. ಕೋಣೆಯ ಉದ್ದ ತರಂಗದ ಅರ್ಧಕ್ಕೆ ಸಮವಾದಾಗ ಎರಡೂ ಒಂದನ್ನೊಂದು ಪೋಷಿಸಿ, ಆ ಸ್ವರ ಮಾತ್ರ ವಿಪರೀತವಾಗಿ ಉಬ್ಬುತ್ತದೆ. ನಲ್ಲಿಯ ಕೆಳಗೆ ಕೊಡ ತುಂಬುವಾಗ ಬರಿದಾದ ಜಾಗ ಕಿರಿದಾದಂತೆಲ್ಲ ದನಿ ಏರುವುದನ್ನು ಕೇಳದವರಾರು? ಕೊಡಕ್ಕೆ ತನ್ನದೇ ಸ್ವರವಿರುವಂತೆ ಕೋಣೆಗೂ ಉಂಟು.

ಅದನ್ನು ಕಂಡುಹಿಡಿಯುವ ಲೆಕ್ಕ ಸುಲಭ. 565ನ್ನು ಕೋಣೆಯ ಉದ್ದದ ಅಡಿಗಳಿಂದ ಭಾಗಿಸಿರಿ. ಹತ್ತಡಿಗೆ 56 ಬರುತ್ತದೆ. ‘ಎ’ ತಂತಿಗೆ ತೀರ ಸಮೀಪ. ಹದಿನಾಲ್ಕು ಅಡಿಗೆ 40. ‘ಇ’ ತಂತಿಯ ನೆರೆ. ಉದ್ದ, ಅಗಲ, ಎತ್ತರ ಮೂರೂ ಹತ್ತಡಿಯಾದರಂತೂ ‘ಎ’ ಸ್ವರಕ್ಕೆ ಮೂರು ದಿಕ್ಕಿನಿಂದಲೂ ಬೆಂಬಲ!

ಕೇಳುವವರ ಸ್ಥಳವೂ ಮುಖ್ಯ. ಹೀಗೆ ನಿಂತ ತರಂಗವು ಗೋಡೆಯ ಬಳಿ ಉಬ್ಬಿ ಕೋಣೆಯ ನಡುವೆ ಬತ್ತುತ್ತದೆ. ನಡುಮನೆಯಲ್ಲಿ ಕುಳಿತ ಮಗನಿಗೆ ಸ್ವರ ಕೇಳಿಸದು. ಅವನು ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾನೆ. ಗೋಡೆಗೊರಗಿ ನಿಂತ ತಾಯಿಗೆ ಗುಡುಗು. ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ. ಮೂವರೂ ತಮ್ಮ ಕಿವಿಗೆ ಪ್ರಾಮಾಣಿಕರೇ!

ಕಿವಿಯ ಸ್ವಭಾವ, ಸಭಾಂಗಣದ ಸ್ವಭಾವ

ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿ ಪ್ರಕಟಿಸಿದ ಸಂಶೋಧನೆ ಇನ್ನೊಂದು ಸೂಕ್ಷ್ಮವನ್ನು ತಿಳಿಸಿತು: ದನಿ ಮೆಲ್ಲಗಿದ್ದಾಗ ನಮ್ಮ ಕಿವಿ ಮಂದ್ರಸ್ವರಗಳನ್ನು ಗ್ರಹಿಸುವುದು ಕಡಿಮೆ. ಆದುದರಿಂದ ರಾತ್ರಿ ಮೆಲ್ಲಗೆ ನುಡಿಸುವಾಗ ಹಿತವೆನಿಸುವಂತೆ ಏರಿಸಿದ ಮಂದ್ರ, ವೇದಿಕೆಯ ಜೋರಿನಲ್ಲಿ ಬರಿಯ ಗದ್ದಲವಾದೀತು.

ವಿಶಾಲವಾದ ಸಭಾಂಗಣದಲ್ಲಿ ಒಂದೇ ಸ್ವರದ ದರ್ಪ ಇಳಿಯುತ್ತದೆ, ನಿಜ. ಆದರೆ ಮನೆಯ ಮೂಲೆ ನೀಡುತ್ತಿದ್ದ ಬೆಂಬಲವೂ ತಪ್ಪುವುದರಿಂದ ವಾದ್ಯ ಬಡವಾದಂತೆ ತೋರುತ್ತದೆ. ಜೊತೆಗೆ ಪ್ರತಿಧ್ವನಿಯ ಕಾಟ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಪನ್ಯಾಸಮಂದಿರವೊಂದರಲ್ಲಿ ಆಡಿದ ಮಾತು ಸುಮಾರು ಐದೂವರೆ ಸೆಕೆಂಡು ಅನುರಣಿಸಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ತರುಣ ಅಧ್ಯಾಪಕ ವಾಲೇಸ್ ಸೇಬಿನ್ ನೆರೆಯ ರಂಗಮಂದಿರದ ಮೆತ್ತೆಗಳನ್ನು ರಾತ್ರಿಯಲ್ಲಿ ಹೊತ್ತು ತಂದು ಹರಡಿ ಅಳೆದು, ಕಟ್ಟಡವೂ ಶಬ್ದವೂ ಬೆಸೆದುಕೊಂಡಿರುವ ನಿಯಮವನ್ನು ಕಂಡುಹಿಡಿದನು. 1900ರಲ್ಲಿ ತೆರೆದ ಬೋಸ್ಟನ್ನಿನ ಸಿಂಫನಿ ಹಾಲ್ ಆ ಜ್ಞಾನದ ಫಲ.

ಹಾಗಾದರೆ ಮಾಡಬೇಕಾದುದೇನು?

ಮೊದಲು ಹೆಡ್‌ಫೋನ್ ಧರಿಸಿ ಪ್ರತಿಯೊಂದು ಸ್ವರವನ್ನೂ ಒಂದೇ ಸಮನಾಗಿ ಮೀಟಿ ಕೇಳಬೇಕು. ಎಲ್ಲವೂ ಸಮವಾಗಿದ್ದರೆ ವಾದ್ಯ ನಿರಪರಾಧಿ. ಅಲ್ಲಿಯೂ ಒಂದು ಸ್ವರ ಬೇಗ ಸಾಯುವುದಾದರೆ ವಾದ್ಯವನ್ನು ಬಲ್ಲವರಿಗೆ ತೋರಿಸಬೇಕು. ಅನೇಕ ವಾದ್ಯಗಳಲ್ಲಿ ‘ಜಿ’ ತಂತಿಯ ಐದನೆಯಿಂದ ಏಳನೆಯ ಮೆಟ್ಟಿನ ಸುತ್ತ ಇಂಥ ದುರ್ಬಲ ಸ್ಥಾನವಿರುತ್ತದೆ. ವಾದ್ಯದ ಕತ್ತು ತಾನೇ ಕಂಪಿಸಿ ತಂತಿಯ ಶಕ್ತಿಯನ್ನು ಕಬಳಿಸುವುದೇ ಕಾರಣ.

ಎರಡನೆಯದಾಗಿ, ಸ್ಪೀಕರನ್ನು ಮೂಲೆಯಿಂದ ಬಿಡಿಸಿರಿ. ಎರಡು ಗೋಡೆ ಮತ್ತು ನೆಲ ಸೇರುವ ಮೂಲೆ ಮಂದ್ರಸ್ವರಗಳನ್ನು ಅತಿಯಾಗಿ ಉಬ್ಬಿಸುತ್ತದೆ. ಒಳ್ಳೆಯ ಉಪಾಯವೊಂದುಂಟು: ಸ್ಪೀಕರನ್ನು ನೀವು ಕುಳಿತು ಕೇಳುವ ಜಾಗದಲ್ಲಿಟ್ಟು, ಒಬ್ಬರು ನುಡಿಸುತ್ತಿರುವಾಗ ಇನ್ನೊಬ್ಬರು ಬಗ್ಗಿ ಕೋಣೆಯ ಸುತ್ತ ಆಲಿಸುತ್ತ ನಡೆಯಲಿ. ಸ್ವರಗಳು ಎಲ್ಲಿ ಸಮವಾಗಿ ಕೇಳಿಸುವುವೋ ಅಲ್ಲಿಯೇ ಸ್ಪೀಕರಿಗೆ ಯೋಗ್ಯ ಸ್ಥಳ. ಕೋಣೆಯ ನಟ್ಟನಡುವೆ ಮಾತ್ರ ಕುಳಿತುಕೊಳ್ಳಬೇಡಿ.

ಮೂರನೆಯದಾಗಿ, ಉಬ್ಬಿದ ಸ್ವರವನ್ನು ಗುಂಡಿ ತಿರುಗಿಸಿ ತಗ್ಗಿಸಿರಿ. ಬತ್ತಿದ ಸ್ವರವನ್ನು ಏರಿಸಲು ಹೋಗಬೇಡಿ. ಅದು ಒಡೆದ ಕೊಡಕ್ಕೆ ನೀರೆರೆದಂತೆ. ಗೋಡೆಗೆ ಪರದೆ, ನೆಲಕ್ಕೆ ಜಮಖಾನೆ ಹಾಸಿದರೆ ತಾರಸ್ವರಗಳು ಮಾತ್ರ ಮೆತ್ತಗಾಗುತ್ತವೆ. ಇಪ್ಪತ್ತೇಳಡಿಯ ತರಂಗಕ್ಕೆ ತೆಳುಬಟ್ಟೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಮೂಲೆಗಳಲ್ಲಿ ಬಹು ದಪ್ಪವಾದ ಹೀರುಹಲಗೆಗಳೇ ಬೇಕು.

ಸಭಾಂಗಣದಲ್ಲಿ ನುಡಿಸುವ ದಿನ ಮುಂಚಿತವಾಗಿ ಹೋಗಿ, ಗೆಳೆಯನಿಗೆ ವಾದ್ಯ ಕೊಟ್ಟು, ಹಿಂದಿನ ಸಾಲಿನವರೆಗೆ ನಡೆದು ಕೇಳುವುದು ಲೇಸು. ವೇದಿಕೆಯ ಮೇಲಿನವರು ಕೇಳುವುದೇ ಬೇರೆ, ಸಭಿಕರು ಕೇಳುವುದೇ ಬೇರೆ.

ಸ್ಥಾನಬಲವೆಂಬುದು ಮನುಷ್ಯರಿಗಷ್ಟೇ ಅಲ್ಲ, ಸ್ವರಕ್ಕೂ ಉಂಟು. ಮಗುವಿನ ಬೆರಳನ್ನು ಹಳಿಯುವ ಮುನ್ನ, ಅಂಗಡಿಯ ಮೆಟ್ಟಿಲೇರುವ ಮುನ್ನ, ಸ್ಪೀಕರನ್ನು ಎರಡಡಿ ಆಚೆ ಸರಿಸಿ ನೋಡಿರಿ. ಅದಕ್ಕೆ ಕಾಸಿನ ಖರ್ಚೂ ಇಲ್ಲ.