ಬಾಗಿದ ಮಂಚಕ್ಕೆ ಬಾಗಿಸಿದ ಮರ

ಮಂಚದ ತಲೆಭಾಗಕ್ಕೆ ಕಮಾನಿನ ಆಕಾರ ಬೇಕು ಎಂದರೆ ಇವತ್ತು ಸಾಮಾನ್ಯವಾಗಿ ಸಿಗುವ ದಾರಿಗಳು ಎರಡು. ಅಗಲವಾದ ಹಲಗೆಯ ಮೇಲೆ ಗೆರೆ ಎಳೆದು ಜಿಗ್‌ಸಾದಲ್ಲಿ ಕತ್ತರಿಸುವುದು ಒಂದು. ಎಂಡಿಎಫ್ ಹಲಗೆಯನ್ನು ಯಂತ್ರದಲ್ಲಿ ಕೊರೆಸಿ ಬಣ್ಣ ಹೊಡೆಸುವುದು ಇನ್ನೊಂದು. ಇವೆರಡಕ್ಕಿಂತ ಮೇಲಾದ ಮೂರನೆಯ ದಾರಿಯೊಂದಿದೆ. ಮರವನ್ನು ತೆಳು ಪಟ್ಟಿಗಳಾಗಿ ಸೀಳಿ, ನಡುವೆ ಅಂಟು ಸವರಿ, ಅಚ್ಚಿನ ಮೇಲೆ ಒಟ್ಟಿಗೆ ಬಾಗಿಸಿ, ಒಣಗುವವರೆಗೆ ಬಿಗಿದಿಡುವ ಕಸುಬು ಅದು. ಕಾರ್ಖಾನೆಯ ಕೆಲಸ ಎಂದು ನಮ್ಮಲ್ಲಿ ದೂರ ಇಟ್ಟಿರುವ ಈ ವಿಧಾನ, ಮನೆಯಲ್ಲೇ ಮರಗೆಲಸ ಮಾಡುವ ಹವ್ಯಾಸಿಗಳಿಗೆ ಉಳಿದೆಲ್ಲಕ್ಕಿಂತ ಚೆನ್ನಾಗಿ ಒಗ್ಗುತ್ತದೆ.

ಮರದ ಬಲವೆಲ್ಲ ಇರುವುದು ಅದರ ಎಳೆಯ ಉದ್ದಕ್ಕೆ. ಐದು ಅಡಿ ಅಗಲದ ಮಂಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತಲೆಭಾಗದ ಮೇಲಿನ ಪಟ್ಟಿ 1,500 ಮಿಲಿಮೀಟರ್ ಉದ್ದಕ್ಕೆ ನಡುವಿನಲ್ಲಿ 200 ಮಿಲಿಮೀಟರ್ ಎದ್ದು ನಿಲ್ಲಬೇಕು ಎಂದಿಟ್ಟುಕೊಳ್ಳಿ. ಇದನ್ನು ಹಲಗೆಯಿಂದ ಕತ್ತರಿಸಿದರೆ ಕಮಾನಿನ ನೆತ್ತಿಯಲ್ಲಿ ಎಳೆ ನೇರವಾಗಿರುತ್ತದೆ, ಎರಡು ತುದಿಗಳಲ್ಲಿ ಸುಮಾರು 30 ಡಿಗ್ರಿ ಓರೆಯಾಗುತ್ತದೆ. ಕಂಬಕ್ಕೆ ಕಚ್ಚು ಕೂರುವ ಜಾಗವೂ ಅದೇ, ಒರಗಿ ಕೂತವರ ಭಾರ ಎಳೆಯುವ ಜಾಗವೂ ಅದೇ. ಎಳೆ ಐದಕ್ಕೆ ಒಂದರಷ್ಟು ಓರೆಯಾದರೆ ಸಾಕು, ಬಾಗುವಿಕೆಯನ್ನು ತಡೆಯುವ ಮರದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿನ ಓರೆ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗೆ ಕತ್ತರಿಸಿದ ಮಂಚ ನಾಳೆಯೇ ಮುರಿಯುತ್ತದೆ ಎಂದಲ್ಲ. ಮುರಿಯುವ ದಿನ ಬಂದರೆ ಸೀಳು ಹುಟ್ಟುವುದು ಅಲ್ಲಿಂದಲೇ.

ಇದು ನಮ್ಮ ಹಳ್ಳಿಯ ಬಡಗಿಗಳಿಗೆ ಗೊತ್ತಿಲ್ಲದ್ದೇನಲ್ಲ. ನೇಗಿಲಿಗೆ ತಾನಾಗಿ ಬಾಗಿ ಬೆಳೆದ ಕೊಂಬೆಯನ್ನೇ ಹುಡುಕಿ ತರುತ್ತಿದ್ದರು. ಎತ್ತಿನ ಗಾಡಿಯ ಚಕ್ರದ ಸುತ್ತನ್ನು ಒಂದೇ ಹಲಗೆಯಿಂದ ಕೊರೆಯದೆ ಗಿಡ್ಡ ತುಂಡುಗಳಾಗಿ ಜೋಡಿಸಿ, ಪ್ರತಿ ತುಂಡಿನಲ್ಲೂ ಎಳೆ ಆದಷ್ಟೂ ಸುತ್ತಿನ ದಿಕ್ಕಿಗೇ ಇರುವಂತೆ ನೋಡಿಕೊಳ್ಳುತ್ತಿದ್ದರು. ಯುರೋಪಿನಲ್ಲಿ ಇದೇ ಸಮಸ್ಯೆಗೆ ಉಗಿಯ ಉತ್ತರ ಕೊಟ್ಟವನು ರೈನ್ ನದಿಯ ದಡದ ಬೊಪಾರ್ಡ್ ಊರಿನಲ್ಲಿ 1796ರಲ್ಲಿ ಹುಟ್ಟಿದ ಮೈಕೇಲ್ ಥೋನೆಟ್. 1859ರಲ್ಲಿ ಬಂದ ಅವನ 14ನೇ ನಂಬರಿನ ಕುರ್ಚಿ ಜಗತ್ತಿನ ಕಾಫಿ ಅಂಗಡಿಗಳನ್ನೆಲ್ಲ ತುಂಬಿತು. ಬೀಚ್ ಮರದ ಕೋಲುಗಳನ್ನು ಉಗಿಯಲ್ಲಿ ಮೆತ್ತಗಾಗಿಸಿ, ಹೊರಮೈಗೆ ಉಕ್ಕಿನ ಪಟ್ಟಿ ಬಿಗಿದು ಬಾಗಿಸುವುದು ಅವನ ಕ್ರಮ. ಉಗಿ ಕುಡಿದ ಮರ ಚೆನ್ನಾಗಿ ಕುಗ್ಗಬಲ್ಲದು, ಹಿಗ್ಗುವುದು ಮಾತ್ರ ನೂರಕ್ಕೆ ಒಂದೆರಡು ಪಾಲು. ಹೊರಮೈ ಹಿಗ್ಗಿ ಸೀಳದಂತೆ ಆ ಉಕ್ಕಿನ ಪಟ್ಟಿ ತಡೆಯುತ್ತದೆ. ಆದರೆ ಈ ವಿದ್ಯೆಯನ್ನು ಮನೆಗೆ ತರುವುದು ಕಷ್ಟ. 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ಗಂಟೆ ಉಗಿ ಬೇಕು, ಪೆಟ್ಟಿಗೆಯಿಂದ ತೆಗೆದ ಮರವನ್ನು ನಿಮಿಷದೊಳಗೆ ಬಾಗಿಸಿ ಮುಗಿಸಬೇಕು. ಮೇಲಾಗಿ ಗೂಡಿನಲ್ಲಿ ಒಣಗಿಸಿದ ಮರ ಸುಲಭವಾಗಿ ಬಗ್ಗುವುದಿಲ್ಲ. ಬೀಚ್, ಆಶ್‌ಗಳಂಥ ಚಳಿನಾಡಿನ ಮರಗಳು ಉಗಿಗೆ ಮಣಿಯುವಷ್ಟು ನಮ್ಮ ಉಷ್ಣವಲಯದ ಗಟ್ಟಿ ಮರಗಳಲ್ಲಿ ಹೆಚ್ಚಿನವು ಮಣಿಯುವುದಿಲ್ಲ.

ಪದರದ ವಿಧಾನಕ್ಕೆ ಉಗಿಯೂ ಬೇಡ, ಆತುರವೂ ಬೇಡ. ಹಲಗೆಯ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 40 ಮಿಲಿಮೀಟರ್ ದಪ್ಪದ ತುಂಡಿನ ಬಿಗುವಿಗೆ ಹೋಲಿಸಿದರೆ 4 ಮಿಲಿಮೀಟರ್ ಪಟ್ಟಿಯ ಬಿಗುವು ಸಾವಿರದಲ್ಲೊಂದು ಪಾಲು. ಅಂಥ ಹತ್ತನ್ನು ಒಟ್ಟಿಗೆ ಹಿಡಿದರೂ ನೂರರಲ್ಲೊಂದು ಪಾಲೇ. ದಪ್ಪ ಪುಸ್ತಕವನ್ನು ಬಾಗಿಸಿದಾಗ ಹಾಳೆಗಳು ಜಾರುವಂತೆ ಅವು ಒಂದರ ಮೇಲೊಂದು ಜಾರಿಕೊಳ್ಳುತ್ತವೆ. ಅಂಟು ಒಣಗಿದ ಮೇಲೆ ಜಾರುವುದು ನಿಲ್ಲುತ್ತದೆ, ಹತ್ತೂ ಸೇರಿ 40 ಮಿಲಿಮೀಟರಿನ ಪೂರ್ತಿ ಬಿಗುವನ್ನು ಪಡೆಯುತ್ತವೆ. ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಮಾನಿನ ಜೊತೆಗೇ ಸಾಗುತ್ತದೆ. ಈ ಲೆಕ್ಕ ನಿಜಕ್ಕೂ ಸುಂದರವಾದದ್ದು. ಅಚ್ಚಿನಿಂದ ಬಿಡಿಸಿದಾಗ ಮರ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ ನಿಜ. ಆದರೆ ಚಿಮ್ಮುವ ಪಾಲು ಪದರಗಳ ಸಂಖ್ಯೆಯ ವರ್ಗ ಏರಿದಂತೆ ಇಳಿಯುತ್ತದೆ. ನಾಲ್ಕು ಪದರಕ್ಕೆ ಹದಿನಾರರಲ್ಲಿ ಒಂದು, ಹತ್ತು ಪದರಕ್ಕೆ ನೂರರಲ್ಲಿ ಒಂದು. ನಮ್ಮ ಕಮಾನಿನಲ್ಲಿ ಅದು ಸುಮಾರು 2 ಮಿಲಿಮೀಟರ್ ಮಾತ್ರ.

ಕೆಲಸದ ಕ್ರಮ ಸರಳ. ಪ್ಲೈವುಡ್ ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ, ಒಂದೂವರೆ ಮೀಟರ್ ತ್ರಿಜ್ಯದ ಅಚ್ಚು ಮಾಡಿ, ಅಂಟು ಹಿಡಿಯದಂತೆ ಮೈಗೆ ಪ್ಯಾಕಿಂಗ್ ಟೇಪ್ ಹಚ್ಚಬೇಕು. ಪಟ್ಟಿಗಳು ಬೇಕಾದ ಅಳತೆಗಿಂತ ತುಸು ಉದ್ದವಾಗಿ, ತುಸು ಅಗಲವಾಗಿ ಇರಲಿ. ಅಂಟಿಲ್ಲದೆ ಒಮ್ಮೆ ಬಿಗಿದು ನೋಡುವುದನ್ನು ತಪ್ಪಿಸಲೇಬಾರದು. ಆಮೇಲೆ ಅಂಟು ಸವರಿ, ನಡುವಿನಿಂದ ಎರಡೂ ಬದಿಗೆ ಸಾಗುತ್ತಾ ಗೇಣು ಗೇಣಿಗೆ ಒಂದು ಕ್ಲ್ಯಾಂಪ್ ಹಾಕಬೇಕು. ಒಂಬತ್ತು ಸಂದುಗಳಲ್ಲೂ ಅಂಟು ಸಣ್ಣ ಮಣಿಗಳಂತೆ ಸಾಲಾಗಿ ಹೊರಬಂದರೆ ಒತ್ತಡ ಸರಿಯಾಗಿದೆ ಎಂದರ್ಥ. ಎಲ್ಲಾದರೂ ಸಾಲು ತುಂಡಾಗಿದ್ದರೆ ಅಲ್ಲಿ ಇನ್ನೊಂದು ಕ್ಲ್ಯಾಂಪ್ ಬೇಕು. ಮರುದಿನ ಬಿಚ್ಚಿ, ಗಟ್ಟಿಯಾದ ಅಂಟನ್ನು ಕೆರೆದು, ಉಜ್ಜುಗೊರಡು ಹಾಕಿದರೆ ಸಂದುಗಳು ಕೂದಲೆಳೆಯಷ್ಟು ಸಣ್ಣ ಗೆರೆಗಳಾಗಿ ಉಳಿಯುತ್ತವೆ.

ಅಂಟನ್ನು ನಂಬಬಹುದೇ ಎಂಬ ಆಕ್ಷೇಪಕ್ಕೆ ತೂಕವಿದೆ. ಥೋನೆಟ್ ಕೂಡ 1830ರ ದಶಕದಲ್ಲಿ ಮೊದಲು ಹಿಡಿದದ್ದು ಪದರದ ದಾರಿಯನ್ನೇ. ಆಗಿನ ಪ್ರಾಣಿಜನ್ಯ ಅಂಟು ತೇವಕ್ಕೆ ಬಿಡುತ್ತಿತ್ತು. ಇಂದಿನ ಅಂಟುಗಳು ಹಾಗಲ್ಲ. ಫಿನ್‌ಲೆಂಡಿನ ಆಲ್ವಾರ್ ಆಲ್ಟೊ 1930ರ ದಶಕದ ಆರಂಭದಲ್ಲಿ ಪೈಮಿಯೊ ಕ್ಷಯರೋಗ ಆಸ್ಪತ್ರೆಗಾಗಿ ಬರ್ಚ್ ಪದರಗಳಿಂದ ರೂಪಿಸಿದ ಕುರ್ಚಿ ಇಂದಿಗೂ ತಯಾರಾಗುತ್ತಿದೆ. ಸಾಮಾನ್ಯ ಬಿಳಿ ಅಂಟಿಗೆ ಸದಾ ಎಳೆತವಿದ್ದರೆ ನಿಧಾನವಾಗಿ ಜರುಗುವ ಗುಣವಿದೆ ಎಂಬುದನ್ನು ಮಾತ್ರ ಒಪ್ಪಬೇಕು. ಆದ್ದರಿಂದ ಎಪಾಕ್ಸಿಯಂಥ ಗಟ್ಟಿಯಾಗಿ ಕೂರುವ ಅಂಟು ಮೇಲು. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟಿಸುವ ಸ್ವಲ್ಪ ಮುಂಚೆ ಪಟ್ಟಿಗಳನ್ನು ಅಸಿಟೋನಿನಲ್ಲಿ ಒರೆಸಬೇಕು.

ಸೀಳುವಾಗ ಮರವೆಲ್ಲ ಗರಗಸದ ಪುಡಿಯಾಗಿ ಹೋಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. 4 ಮಿಲಿಮೀಟರಿನ ಪ್ರತಿ ಪಟ್ಟಿಗೂ ಸುಮಾರು 3 ಮಿಲಿಮೀಟರ್ ಪುಡಿ ಆಗುವುದು ಹೌದು. ಆದರೂ ಹತ್ತು ಪಟ್ಟಿಗೆ ಬೇಕಾಗುವುದು 70 ಮಿಲಿಮೀಟರ್ ಅಗಲದ ಮರ. ಕಮಾನನ್ನು ಕತ್ತರಿಸಿ ತೆಗೆಯಲು 240 ಮಿಲಿಮೀಟರ್ ಅಗಲದ ಹಲಗೆ ಬೇಕು. ಪಟ್ಟಿಗಳನ್ನು ನಯಮಾಡುವಾಗ ಹೋಗುವುದನ್ನು ಸೇರಿಸಿದರೂ ಮರ ಅರ್ಧಕ್ಕಿಂತ ಕಡಿಮೆಯೇ ಸಾಕು. ತೇಗದ ಬೆಲೆ ಬಲ್ಲವರಿಗೆ ಇದು ಸಣ್ಣ ಮಾತಲ್ಲ. ಇನ್ನು ಮನೆಯಲ್ಲಿ ಜಾಗವೆಲ್ಲಿ ಎನ್ನುವವರು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯನ್ನು ನೆನೆಯಬಹುದು. ಪ್ಲೈವುಡ್ ಬಾಗಿಸುವ ಅವರ ಮೊದಲ ಯಂತ್ರ ಇದ್ದದ್ದು ಲಾಸ್ ಏಂಜಲೀಸಿನ ಬಾಡಿಗೆ ಅಪಾರ್ಟ್‌ಮೆಂಟಿನ ಒಂದು ಕೋಣೆಯಲ್ಲಿ.

ಹೊಸಬರು ಮೊದಲೇ ತೇಗಕ್ಕೆ ಕೈಹಾಕುವುದು ಬೇಡ. ಅಗ್ಗವಾಗಿ ಸಿಗುವ ಸಿಲ್ವರ್ ಓಕ್ ಪಟ್ಟಿಗಳಲ್ಲಿ ಎರಡಡಿಯ ಚಿಕ್ಕ ಕಮಾನೊಂದನ್ನು ಮಾಡಿ ನೋಡಿ. ಕ್ಲ್ಯಾಂಪುಗಳನ್ನು ಮಾತ್ರ ಬೇಕೆನಿಸಿದ್ದಕ್ಕಿಂತ ಹೆಚ್ಚಾಗಿಯೇ ಒಟ್ಟುಮಾಡಿಕೊಳ್ಳಿ.