ಫ್ಯಾಕ್ಟ್ ಚೆಕ್: ಕಾರ್-ಟಿ ಚಿಕಿತ್ಸೆಯಿಂದ ನಾಲ್ಕನೇ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ವಾಸಿಯಾಗುತ್ತದೆಯೇ?

ಸಾರಾಂಶ

ರೋಗಿಯ ರಕ್ತದಿಂದಲೇ ತಯಾರಿಸಿದ ಒಂದೇ ಇಂಜೆಕ್ಷನ್‌ನಿಂದ ನಾಲ್ಕನೇ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಕೂಡ ವಾಸಿಯಾಗುತ್ತದೆ ಎನ್ನುವ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ನಾವು ಇದನ್ನು ಪರಿಶೀಲಿಸಿದಾಗ ಕಂಡದ್ದು ಅರ್ಧ ಸತ್ಯ. ಅಂಥ ಚಿಕಿತ್ಸೆ ಇದೆ ಎನ್ನುವುದು ನಿಜ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಅದು ಇನ್ನೂ ಪ್ರಯೋಗದ ಹಂತದಲ್ಲಿದೆ.

ಕಾರ್-ಟಿ ಅಂದರೆ ಏನು?

ಟಿ ಕೋಶಗಳು ನಮ್ಮ ರೋಗನಿರೋಧಕ ವ್ಯವಸ್ಥೆಯ ಬಿಳಿ ರಕ್ತಕಣಗಳು. ಸೋಂಕು ತಗುಲಿದ ಕೋಶಗಳನ್ನು ಹುಡುಕಿ ಕೊಲ್ಲುವುದು ಅವುಗಳ ಕೆಲಸ. ಆದರೆ ಕ್ಯಾನ್ಸರ್ ನಮ್ಮದೇ ಕೋಶಗಳಿಂದ ಹುಟ್ಟುವ ಕಾರಣ ಹಲವು ಸಲ ಅವುಗಳ ಕಣ್ಣು ತಪ್ಪಿಸುತ್ತದೆ.

ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸುತ್ತಾರೆ. ಲ್ಯಾಬ್‌ನಲ್ಲಿ, ಸಾಮಾನ್ಯವಾಗಿ ರೋಗ ತರದಂತೆ ಮಾರ್ಪಡಿಸಿದ ವೈರಸ್ ಬಳಸಿ, ಅವುಗಳೊಳಗೆ ಹೊಸ ಜೀನ್ ಸೇರಿಸುತ್ತಾರೆ. ಇದರಿಂದ ಕ್ಯಾನ್ಸರ್ ಕೋಶದ ಮೇಲಿರುವ ಒಂದು ನಿರ್ದಿಷ್ಟ ಪ್ರೋಟೀನನ್ನು ಅವು ಗುರುತಿಸಬಲ್ಲವು. ಹೀಗೆ ಬದಲಾದ ಕೋಶಗಳನ್ನು ಕೋಟಿಗಟ್ಟಲೆ ಬೆಳೆಸಿ, ಡ್ರಿಪ್ ಮೂಲಕ ಮತ್ತೆ ದೇಹಕ್ಕೆ ಕೊಡುತ್ತಾರೆ.

ಈ ಸುದ್ದಿ ಎಲ್ಲಿಂದ ಬಂತು?

ಅಮೆರಿಕ 2017ರಲ್ಲಿ ಮೊದಲ ಕಾರ್-ಟಿ ಚಿಕಿತ್ಸೆಗೆ ಅನುಮತಿ ಕೊಟ್ಟಿತು. ಭಾರತದಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೆಂಟರ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿತು. 2025ರಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ಇವೆಲ್ಲವೂ ರಕ್ತದ ಕ್ಯಾನ್ಸರ್‌ಗಳಿಗೆ. ಸುದ್ದಿಯಿಂದ ‘ರಕ್ತದ’ ಎಂಬ ಒಂದು ಪದ ಬಿಟ್ಟುಹೋದರೆ ಸಾಕು, ಅದು ಸುಳ್ಳು ಭರವಸೆಯಾಗುತ್ತದೆ.

ಪ್ರಾಸ್ಟೇಟ್‌ನಲ್ಲಿ ಏಕೆ ಕಷ್ಟ?

ರಕ್ತದ ಕ್ಯಾನ್ಸರ್‌ನಲ್ಲಿ ಗುರಿಯಾಗುವ ಸಿಡಿ19 ಪ್ರೋಟೀನ್ ಇರುವುದು ಮುಖ್ಯವಾಗಿ ಬಿ ಕೋಶಗಳ ಮೇಲೆ. ಆರೋಗ್ಯವಂತ ಬಿ ಕೋಶಗಳೂ ನಾಶವಾದರೆ ಅದನ್ನು ಔಷಧಿಯಿಂದ ನಿಭಾಯಿಸಬಹುದು. ಪ್ರಾಸ್ಟೇಟ್ ಗಡ್ಡೆಯಲ್ಲಿ ಪಿಎಸ್‌ಎಂಎ, ಪಿಎಸ್‌ಸಿಎ ಎಂಬ ಪ್ರೋಟೀನ್‌ಗಳು ಗುರಿ. ಇವು ಎಲ್ಲ ಕ್ಯಾನ್ಸರ್ ಕೋಶಗಳಲ್ಲೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಪಿಎಸ್‌ಸಿಎ ಮೂತ್ರಕೋಶದಲ್ಲಿಯೂ ಇರುತ್ತದೆ. ಜೊತೆಗೆ ಗಡ್ಡೆಯ ಸುತ್ತ ಟಿಜಿಎಫ್-ಬೀಟಾದಂಥ ರಾಸಾಯನಿಕಗಳು ಟಿ ಕೋಶಗಳನ್ನು ದುರ್ಬಲಗೊಳಿಸುತ್ತವೆ.

ಪ್ರಯೋಗಗಳಲ್ಲಿ ಏನು ಕಂಡುಬಂತು?

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 2022ರಲ್ಲಿ 13 ರೋಗಿಗಳ ಪ್ರಯೋಗದ ವರದಿ ಪ್ರಕಟಿಸಿತು. ನಾಲ್ವರಲ್ಲಿ ಪಿಎಸ್‌ಎ ಶೇ. 30ಕ್ಕಿಂತ ಹೆಚ್ಚು ಇಳಿಯಿತು. ಒಬ್ಬರಲ್ಲಿ ಇದು ಶೇ. 98ಕ್ಕೂ ಹೆಚ್ಚು ಇಳಿದಿತ್ತು. ಆದರೆ ಅದೇ ರೋಗಿ ತೀವ್ರ ಉರಿಯೂತ ಮತ್ತು ಸೋಂಕಿನಿಂದ ತೀರಿಕೊಂಡರು.

ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಸ್ಥೆ 2024ರಲ್ಲಿ ಪ್ರಕಟಿಸಿದ ವರದಿಯಲ್ಲೂ 14ರಲ್ಲಿ ನಾಲ್ವರಿಗೆ ಪಿಎಸ್‌ಎ ಶೇ. 30ಕ್ಕಿಂತ ಹೆಚ್ಚು ಇಳಿದಿತ್ತು. ಕೆಲವರಿಗೆ ಮೂತ್ರಕೋಶದ ಉರಿಯೂತ ಕಾಣಿಸಿಕೊಂಡಿತು.

ಗಮನಿಸಿ: ಪಿಎಸ್‌ಎ ಇಳಿಯುವುದು ಒಳ್ಳೆಯ ಸೂಚನೆ. ಆದರೆ ಅದನ್ನೇ ರೋಗ ವಾಸಿ ಎನ್ನಲಾಗದು. ಇವು ಮುಖ್ಯವಾಗಿ ಸುರಕ್ಷತೆಯನ್ನು ಪರೀಕ್ಷಿಸುವ ಮೊದಲ ಹಂತದ ಪ್ರಯೋಗಗಳು.

ಮನೆಯಲ್ಲಿ ರೋಗಿ ಇದ್ದರೆ ಏನು ಮಾಡಬೇಕು?

ಇಂಥ ಫಾರ್ವರ್ಡ್‌ನ ನಿಜವಾದ ಅಪಾಯ ಇಲ್ಲಿದೆ. ‘ಹೊಸ ಇಂಜೆಕ್ಷನ್ ಬರುತ್ತದಂತೆ’ ಎಂದು ಅಪ್ಪನ ಹಾರ್ಮೋನ್ ಚಿಕಿತ್ಸೆಯನ್ನು ನಿಲ್ಲಿಸಿದರೆ, ಹತೋಟಿಯಲ್ಲಿದ್ದ ರೋಗ ಮತ್ತೆ ಹರಡಬಹುದು. ನಾಲ್ಕನೇ ಹಂತ ಎಂದರೆ ದಾರಿ ಮುಗಿಯಿತು ಎಂದಲ್ಲ. ಟೆಸ್ಟೋಸ್ಟೆರಾನ್ ತಗ್ಗಿಸುವ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆ, ಅಬಿರಾಟೆರಾನ್‌ನಂಥ ಮಾತ್ರೆ, ಕೀಮೋಥೆರಪಿ ಇವುಗಳಿಂದ ಎಷ್ಟೋ ರೋಗಿಗಳು ವರ್ಷಗಟ್ಟಲೆ ಬದುಕುತ್ತಾರೆ.

ಪ್ರಯೋಗಕ್ಕೆ ಸೇರುವ ಆಸೆ ಇದ್ದರೆ ನಿಮ್ಮ ಕ್ಯಾನ್ಸರ್ ವೈದ್ಯರನ್ನೇ ಕೇಳಿ. ಭಾರತದಲ್ಲಿ ನಡೆಯುವ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿಯಾಗಬೇಕು. ಅಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಫೋನಿನಲ್ಲೇ ಮುಂಗಡ ಹಣ ಕೇಳುವವರನ್ನು ನಂಬಬೇಡಿ.

ತೀರ್ಮಾನ

ಕಾರ್-ಟಿ ನಿಜ, ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಅದರ ಸಂಶೋಧನೆಯೂ ನಿಜ. ಆದರೆ ಒಂದೇ ಇಂಜೆಕ್ಷನ್‌ನಿಂದ ವಾಸಿ ಎನ್ನುವುದು ತಪ್ಪು. ಆದ್ದರಿಂದ ಈ ಸಂದೇಶ ದಾರಿ ತಪ್ಪಿಸುವಂಥದ್ದು ಎಂದು ನಾವು ಹೇಳುತ್ತೇವೆ. ಮುಂದಿನ ಸಲ ಇದು ನಿಮ್ಮ ಗ್ರೂಪಿಗೆ ಬಂದಾಗ, ‘ಯಾವ ಕ್ಯಾನ್ಸರ್‌ಗೆ?’ ಎಂದು ಒಮ್ಮೆ ಕೇಳಿ.